ಗೋಡೆ ಬೀಳುವುದು ಬಿಸಿಲಿಗೆ

2021ರ ಜುಲೈ ಕೊನೆಯ ವಾರ, ನೆರೆಯ ಹೊತ್ತು. ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ನದಿ ದಂಡೆಯ ಒಂದು ಕಂದಾಯ ವೃತ್ತಕ್ಕೆ ಆಗ ನಾನು ಗ್ರಾಮ ಲೆಕ್ಕಿಗ. ಹುದ್ದೆಯ ಹೆಸರು ಈಗ ಗ್ರಾಮ ಆಡಳಿತ ಅಧಿಕಾರಿ ಎಂದಾಗಿದೆ, ಜನರ ಬಾಯಲ್ಲಿ ಮಾತ್ರ ಇಂದಿಗೂ ಶಾನುಭೋಗ.

ಕಾಳಿ ನದಿಯ ದಂಡೆಯವರಿಗೆ ಕದ್ರಾ ಅಣೆಕಟ್ಟಿನ ಗೇಟು ತೆರೆಯುವ ಮುನ್ನ ಎಚ್ಚರಿಕೆಯಾದರೂ ಬರುತ್ತದೆ. ಗಂಗಾವಳಿಗೆ ಅಣೆಕಟ್ಟಿಲ್ಲ. ಮೇಲೆ ಬೇಡ್ತಿ ಎಂದು ಕರೆಸಿಕೊಳ್ಳುವ ಈ ನದಿ, ಧಾರವಾಡ, ಯಲ್ಲಾಪುರದ ಕಡೆ ಸುರಿದ ಮಳೆಯನ್ನೆಲ್ಲ ಹೊತ್ತು ನೇರವಾಗಿ ನಮ್ಮ ಅಂಗಳಕ್ಕೆ ಬರುತ್ತದೆ. ಆ ವರ್ಷ ಗುಳ್ಳಾಪುರದ ಸೇತುವೆಯೇ ಕೊಚ್ಚಿಹೋಯಿತು.

ನೀರಿಳಿದ ಮೇಲೆ ನನ್ನ ಮೊದಲ ಕೆಲಸ ತುರ್ತು ಪರಿಹಾರದ ಪಟ್ಟಿ. ನೀರು ನುಗ್ಗಿದ ಮನೆಯ ಕುಟುಂಬಕ್ಕೆ 10,000 ರೂಪಾಯಿ. ಬಟ್ಟೆ, ಪಾತ್ರೆಗೆಂದು ವಿಪತ್ತು ಪರಿಹಾರ ನಿಧಿಯ ಮಾರ್ಗಸೂಚಿಯಲ್ಲಿದ್ದದ್ದು 3,800 ಮಾತ್ರ, ಉಳಿದದ್ದನ್ನು ರಾಜ್ಯ ಸರ್ಕಾರ ತನ್ನ ಬೊಕ್ಕಸದಿಂದ ಸೇರಿಸುತ್ತಿತ್ತು. ಆದರೆ ಕುಟುಂಬ ಎಂದರೆ ಯಾವುದು? ಒಂದೇ ಸೂರು, ಒಳಗೆ ಅಣ್ಣತಮ್ಮಂದಿರ ಎರಡು ಒಲೆ. ನಾನು ಅಡುಗೆಮನೆಗೆ ಹೋಗಿ ಒಲೆ ಎಣಿಸಿದೆ, ಪಡಿತರ ಚೀಟಿಗೆ ತಾಳೆ ನೋಡಿದೆ. ಪಡಿತರ ಚೀಟಿ ಹೊಳೆಪಾಲಾಗಿದ್ದವರದನ್ನು ನ್ಯಾಯಬೆಲೆ ಅಂಗಡಿಯ ದಾಖಲೆಯಲ್ಲಿ ಹುಡುಕಿದೆ. ನೆರೆ ಸಂತ್ರಸ್ತರು ತಂಗಿದ್ದ ಕಾಳಜಿ ಕೇಂದ್ರದಲ್ಲಿ ಕುಳಿತು ಪಟ್ಟಿ ಮಾಡಿದ್ದರೆ ಅರ್ಧ ದಿನದ ಕೆಲಸ, ಮನೆಮನೆಗೆ ಹೋಗಿದ್ದರಿಂದ ನಾಲ್ಕು ದಿನ ಹಿಡಿಯಿತು. ತಂಟೆ ಬರಲಿಲ್ಲ ಎನ್ನಲಾರೆ, ಕಡಿಮೆ ಬಂತು.

ನಿಜವಾದ ಪರೀಕ್ಷೆ ಮನೆ ಹಾನಿಯದು. ನಾನು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಒಬ್ಬರು ಎಂಜಿನಿಯರ್ ಸೇರಿ ಜಂಟಿ ಸಮೀಕ್ಷೆ. ಆಗಿನ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಬಿದ್ದಿದ್ದರೆ 'ಎ' ವರ್ಗ, 5 ಲಕ್ಷ. ಶೇ 25ರಿಂದ 75ರವರೆಗೆ 'ಬಿ', 3 ಲಕ್ಷ. ಶೇ 15ರಿಂದ 25ರಷ್ಟಾದರೆ 'ಸಿ', 50,000. ಪೂರ್ತಿ ಬಿದ್ದ ಪಕ್ಕಾ ಮನೆಗೆ ಕೇಂದ್ರದ ಮಾರ್ಗಸೂಚಿಯಲ್ಲಿದ್ದದ್ದು 95,100 ಎನ್ನುವುದನ್ನು ನೆನೆದರೆ ಈ 5 ಲಕ್ಷ ದೊಡ್ಡ ಮಾತೇ. ಆದರೆ ಒಂದು ಅಕ್ಷರದ ಅಂತರದಲ್ಲಿ ಲಕ್ಷಗಳು ಆಚೀಚೆಯಾಗುತ್ತಿದ್ದವು, ಆ ಅಕ್ಷರವನ್ನು ನೋಡಿ ಬರೆಯಬೇಕಾದವರು ನಾವು.

ಹೊಳೆಯಂಚಿನ ಒಂದು ಮನೆ. ಮಣ್ಣಿನ ಗೋಡೆ, ಹಂಚಿನ ಮಾಡು, ಒಳಗೆ ನೆನೆದ ಕುಚ್ಚಲಕ್ಕಿಯ ಹುಳಿನಾತ. ಎದೆಮಟ್ಟದಲ್ಲಿ ನೀರಿನ ಕಂದು ಗೆರೆ. ಹಿಂಬದಿಯ ಗೋಡೆ ಮಾತ್ರ ಕುಸಿದಿತ್ತು. ನಾನು 'ಸಿ' ಎಂದು ಬರೆಯಲು ಹೊರಟಾಗ ಮನೆಯೊಡತಿ ಅಜ್ಜಿ, "ತಮ್ಮಾ, ನಿಂತದ್ದನ್ನು ನೋಡಿ ಬರೆಯಬೇಡ, ಮುಟ್ಟಿ ನೋಡು" ಎಂದರು. ನೆಲದಿಂದ ಗೇಣೆತ್ತರದಲ್ಲಿ ಒತ್ತಿದೆ. ಹೆಬ್ಬೆರಳು ಉಗುರಿನವರೆಗೆ ಒಳಗಿಳಿಯಿತು. ಆದರೂ ಎಂಜಿನಿಯರ್ ಜೊತೆ ಮಾತಾಡಿ 'ಬಿ' ಎಂದಷ್ಟೇ ಬರೆದೆವು. 'ಎ' ಎನ್ನುವಷ್ಟು ಹಾನಿ ಕಣ್ಣಿಗೆ ಕಂಡಿರಲಿಲ್ಲ.

ಮಳೆ ಹೊಳವಾಗಿ ಐದನೆಯ ದಿನ ಆ ಮನೆಯ ಮುಂಭಾಗದ ಗೋಡೆ ಮಾಡಿನ ಸಮೇತ ಕೂತುಬಿಟ್ಟಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ. ಒದ್ದೆ ಮಣ್ಣು ಒಣಗುವಾಗ ಬಿರಿಯುತ್ತದೆ, ಮೇಲಿನ ಹಂಚಿನ ಭಾರ ತಡೆಯಲಾರದು. ಹಳಬರಿಗೆಲ್ಲ ಗೊತ್ತಿದ್ದ ಸಂಗತಿ. ನನಗೆ ತಿಳಿಯಲು ಒಂದು ಮನೆ ಬೀಳಬೇಕಾಯಿತು.

ಅಷ್ಟರಲ್ಲಿ ವಿವರ ಸರ್ಕಾರದ ಪರಿಹಾರ ತಂತ್ರಾಂಶಕ್ಕೆ ಏರಿಯಾಗಿತ್ತು. ಮತ್ತೆ ಪಂಚನಾಮೆ, ಹೊಸ ಫೋಟೊ, ವರ್ಗ ಬದಲಿಸುವಂತೆ ವರದಿ. ಮೇಲಿನವರೊಬ್ಬರು "ಮೊದಲೇ ಸರಿಯಾಗಿ ನೋಡಬಾರದಿತ್ತೇ?" ಎಂದು ರೇಗಿದರು. ತಪ್ಪು ನನ್ನದೇ, ಕೇಳಿಸಿಕೊಂಡೆ. ವರ್ಗವೇನೋ ಬದಲಾಯಿತು, ಮೂರು ಬಾರಿ ಓಡಾಡಿದ ಮೇಲೆ. ಅಂದಿನಿಂದ ಮಣ್ಣಿನ ಮನೆಗಳನ್ನೆಲ್ಲ ಪ್ರತ್ಯೇಕ ಚೀಟಿಯಲ್ಲಿ ಗುರುತಿಸಿಕೊಂಡು, ವಾರ ಕಳೆದ ಮೇಲೆ ಎರಡನೆಯ ಸುತ್ತು ಹೋಗುವುದನ್ನು ರೂಢಿಸಿಕೊಂಡೆ. ಹಾಗೆ ಮಾಡೆಂದು ಯಾವ ಸುತ್ತೋಲೆಯೂ ನನಗೆ ಹೇಳಿರಲಿಲ್ಲ.

ತೋಟಗಳ ಕತೆ ಚಿಕ್ಕದು. ಮೂರು ಇಂಚಿಗಿಂತ ಹೆಚ್ಚು ಹೂಳು ಬಿದ್ದಿದ್ದರೆ ತೆಗೆಯಲು ಆಗ ಹೆಕ್ಟೇರ್‌ಗೆ 12,200 ಇತ್ತು. ಕೋಲು ಚುಚ್ಚಿ ಅಳೆದೆ. ನಮ್ಮಲ್ಲಿ ಹೆಕ್ಟೇರ್ ಲೆಕ್ಕದ ಅಡಿಕೆ ತೋಟ ಎಷ್ಟು ಜನರಿಗಿದೆ? ಎಲ್ಲ ಗುಂಟೆ ಲೆಕ್ಕ, ಅದೂ ತೀರಿಹೋದ ಅಜ್ಜನ ಹೆಸರಿನ ಪಹಣಿ. ಬಂದ ಹಣ ಕೂಲಿಗೂ ಸಾಲಲಿಲ್ಲ.

ಅಜ್ಜಿಯ ಮನೆಯ ಹಣ ಕಂತಿನಲ್ಲಿ ಬಂತು. ತಳಪಾಯ ಆದ ಮೇಲೆ ಫೋಟೊ, ಗೋಡೆ ಎದ್ದ ಮೇಲೆ ಫೋಟೊ, ಅದರಂತೆ ಖಾತೆಗೆ ಜಮೆ. ನೀರಿನ ಗೆರೆಯಿದ್ದ ಗೋಡೆ ಬಿದ್ದುಹೋಗಿದ್ದರಿಂದ, ನನ್ನ ಬಳಿಯಿದ್ದ ಹಳೆಯ ಫೋಟೊ ನೋಡಿ ಅಂಗಳದ ಹಲಸಿನ ಮರಕ್ಕೆ ಅದೇ ಎತ್ತರದಲ್ಲಿ ಒಂದು ಮೊಳೆ ಹೊಡೆದೆವು. ಅಜ್ಜಿ ಮೇಸ್ತ್ರಿಯನ್ನು ಆ ಮರದ ಬುಡಕ್ಕೆ ಕರೆದೊಯ್ದು, ಪಾಯ ಮೊಳೆಗಿಂತ ನಾಲ್ಕು ಬೆರಳು ಮೇಲಿರಲಿ ಎಂದು ಹಟ ಹಿಡಿದರು. ಅಷ್ಟೆತ್ತರಕ್ಕೆ ಚಿರೇಕಲ್ಲು ಕಟ್ಟುವಷ್ಟರಲ್ಲಿ ಮೊದಲ ಕಂತು ಮುಗಿದು ಕೈಗಡವೂ ಆಯಿತು. ಮನೆ ಒಂದು ಕೋಣೆ ಚಿಕ್ಕದಾದರೂ ಸರಿ, ಪಾಯ ಇಳಿಸುವುದಿಲ್ಲ ಎಂದರು. ಹಾಗೆಯೇ ಕಟ್ಟಿದರು, ಅಂಗಳದಿಂದ ಒಳಗೆ ಹೋಗಲು ಏಳು ಮೆಟ್ಟಿಲು.