ಕೆರೆ ಎರಡು, ಮನೆ ನಾಲ್ಕೇ

ದಿನದ ಪದಬಂಧಕ್ಕೆ ಥೀಮ್ (ಒಂದೇ ವಿಷಯದ ಪದಗಳ ಗುಂಪು) ಕನ್ನಡದಲ್ಲಿ ಕೂರಲ್ಲ, ಒತ್ತಕ್ಷರ ಬಂದಲ್ಲೆಲ್ಲ ಕೈ ಕೊಡುತ್ತೆ ಅಂತ ದಾವಣಗೆರೆಯಲ್ಲಿ ಪದಬಂಧ ಕಟ್ಟುವ ಹಳಬರು ಅಂದಿದ್ದರು. ಚಿತ್ರದುರ್ಗ ಜಿಲ್ಲೆಯ ಆರೂ ತಾಲ್ಲೂಕು ಈಗ ನಾನು ಕಟ್ಟಿದ ಒಂದೇ 9×9 ಜಾಲರಿಯಲ್ಲಿ ಕೂತಿವೆ. ಕಪ್ಪು ಮನೆ ಸುಮಾರು 30.

ಚಿತ್ರದುರ್ಗ, ಚಳ್ಳಕೆರೆ, ಹಿರಿಯೂರು, ಹೊಳಲ್ಕೆರೆ, ಹೊಸದುರ್ಗ ಐದಕ್ಕೂ ನಾಲ್ಕೇ ಮನೆ. ಮೊಳಕಾಲ್ಮೂರಿಗೆ ಮಾತ್ರ ಐದು. ಎಣಿಸುವಾಗ ಸುಖ, ಸುಳಿವು ಬರೆಯುವಾಗ ತಲೆನೋವು.

ಮೊದಲ ಕರಡಿನಲ್ಲಿ ಚಳ್ಳಕೆರೆಗೆ ‘ಕೆರೆ ಕಟ್ಟಿಕೊಂಡ ತಾಲ್ಲೂಕು (4)’ ಅಂತ ಕೊಟ್ಟಿದ್ದೆ. ಬಿಡಿಸಿ ನೋಡಿದ ಎಂಟು ಜನರಲ್ಲಿ ಐದೋ ಆರೋ ಮಂದಿ ಹೊಳಲ್ಕೆರೆ ಬರೆದರು. ತಪ್ಪು ಅವರದ್ದಲ್ಲ. ಎರಡೂ ‘ರೆ’ಯಲ್ಲೇ ಮುಗಿಯುತ್ತವೆ, ಮೇಲಿನಿಂದ ಕೆಳಕ್ಕೆ ಬರುವ ಪದ ಆ ಕೊನೆಯ ಮನೆಯಲ್ಲಷ್ಟೇ ಸೇರುತ್ತಿತ್ತು. ಹೊಸದುರ್ಗ, ಚಿತ್ರದುರ್ಗಕ್ಕೂ ಇದೇ ಗತಿ: ಕೊನೆಯ ‘ದು’, ‘ರ್ಗ’ ಎರಡಕ್ಕೂ ಒಂದೇ, ವ್ಯತ್ಯಾಸ ಇರುವುದು ಮೊದಲೆರಡು ಮನೆಯಲ್ಲಿ. ಅವಳಿ ಪದಗಳು ಬೇರೆಯಾಗುವ ಮನೆಯಲ್ಲಿ ಒಂದಾದರೂ ಅಡ್ಡ-ಉದ್ದ ಸೇರದಿದ್ದರೆ ಆ ಕರಡನ್ನು ಈಗ ಹರಿದೇ ಹಾಕುತ್ತೇನೆ.

ಸರಿಹೋದದ್ದು ಹೀಗೆ. ಸಾಲಿನಲ್ಲಿ ನಾಲ್ಕು ಮನೆ, ಒಂದು ಕಪ್ಪು, ಮತ್ತೆ ನಾಲ್ಕು. ನನ್ನ ಜಾಲರಿಯಲ್ಲಿ ಬೆಸ ಕಂಬಗಳಷ್ಟೇ ಕೆಳಕ್ಕೆ ಇಳಿಯುತ್ತವೆ. ಹಾಗಾಗಿ ಎಡಗಡೆಯ ಪದದ 1, 3ನೇ ಅಕ್ಷರ, ಬಲಗಡೆಯದರ 2, 4ನೇ ಅಕ್ಷರ ಕೆಳಗಿನ ಪದಕ್ಕೂ ಸೇರುತ್ತವೆ. ಚಳ್ಳಕೆರೆ ಎಡಕ್ಕೆ ಹೋಯಿತು (ಚ, ಕೆ ಸೇರುತ್ತವೆ), ಹೊಳಲ್ಕೆರೆ ಬಲಕ್ಕೆ (ಳ, ರೆ). ಹಠಮಾರಿ ‘ಲ್ಕೆ’ ಕೆಳಗಿನ ಪದಕ್ಕೆ ಸೇರದ ಒಂಟಿ ಮನೆಗೆ ಬಿತ್ತು. ಮೊಳಕಾಲ್ಮೂರನ್ನು ಬೆಸ ಕಂಬದಿಂದ ಶುರು ಮಾಡಿದರೆ ‘ಲ್ಮೂ’ ಕೂಡ ಒಂಟಿ. ಚಿತ್ರದುರ್ಗ ಬಲಕ್ಕೇ ಇರಲಿ, ‘ರ್ಗ’ಕ್ಕೆ ಮಾರ್ಗ, ನಿಸರ್ಗ ಇವೆ, ‘ತ್ರ’ಕ್ಕೆ ಪತ್ರ, ಗೋತ್ರ. ಹಿರಿಯೂರಿನ ‘ಯೂ’ಗೆ ಮಯೂರ ಸಾಕು. ‘ಲ್ಕೆ’ಯನ್ನೂ ಸೇರಿಸಬಲ್ಲ ಪದ ಒಂದು ನನ್ನ ಹತ್ತಿರ ಇದೆ, ಅದು ನನ್ನ ವಹಿಯಲ್ಲೇ ಇರಲಿ.

ಥೀಮ್ ಸೋರುತ್ತಿದೆಯೇ, ಅಂದರೆ ಸುಳಿವಿಲ್ಲದೆಯೇ ಉತ್ತರ ಹೊಳೆಯುತ್ತಿದೆಯೇ ಅಂತ ನೋಡಲು ಸುಳಿವು ಮುಚ್ಚಿ ಖಾಲಿ ಜಾಲರಿ, ತಲೆಬರಹ ಇಷ್ಟೇ ಕೊಡಿ. ‘ದುರ್ಗದ ಆರು’ ಅಂತ ತಲೆಬರಹ ಹಾಕಿದ ದಿನ ಎಲ್ಲರೂ ಐದು ಮನೆಯ ಸಾಲಿಗೆ ಮೊಳಕಾಲ್ಮೂರು ಬರೆದೇ ಪೆನ್ನು ಬಿಚ್ಚಿದ್ದು! ತಲೆಬರಹ ಕಿತ್ತೆ. ಐದು ಮನೆಯ ಇನ್ನೊಂದು ಸಾಲಿಗೆ ದಾವಣಗೆರೆಯನ್ನು ಇಟ್ಟೆ: ‘1997ರವರೆಗೆ ದುರ್ಗದ ಜೊತೆಗೇ ಇತ್ತು (5)’. ಸುಳಿವು ಸುಳ್ಳಲ್ಲ, ಥೀಮಿಗೂ ಸೇರಲ್ಲ.

ಮೊಳಕಾಲ್ಮೂರಿಗೆ ಕೊನೆಗೆ ನಿಂತದ್ದು: ‘ಹೂವಿನ ಅಳತೆ, ನಾಲ್ಕಾಣೆ, ಎರಡಾದ ಮೇಲೆ, ಸೇರಿಸಿದರೆ ರೇಷ್ಮೆ ಸೀರೆ (5)’. ಮೊಳ, ಕಾಲ್, ಮೂರು. ಉತ್ತರ ತಿಳಿದ ಮೇಲೆ ಸುಳಿವಿನ ಪ್ರತಿ ತುಂಡಿಗೂ ಲೆಕ್ಕ ಸಿಗಬೇಕು, ಒಂದು ಪದ ಹೆಚ್ಚಿದ್ದರೂ ಹೊಡೆದುಹಾಕಬೇಕು. ಒನಕೆಗೆ ಬರೆದ ‘ಬತ್ತಕ್ಕೂ ಸೈ, ಹೈದರನ ಸೈನಿಕರಿಗೂ ಸೈ (3)’ ಈ ಅಳತೆಗೆ ನಿಂತಿತು. ಜಗಳೂರಿಗೆ ‘ಕಾದಾಟದ ಊರು’ ಯಾರಿಗಾದರೂ ಹೊಳೆಯುತ್ತೆ, ಬೇಡ.

ನಡುವೆ ಒಂದು ಪದದ ಅಕ್ಷರ ಕಲಸಿ ಇನ್ನೊಂದು ಪದ ಮಾಡಿಸುವ ಸುಳಿವನ್ನೂ ನೋಡಿದೆ. ಕನ್ನಡದಲ್ಲಿ ಸ್ವರ ಅಕ್ಷರಕ್ಕೆ ಅಂಟಿಕೊಂಡೇ ಓಡಾಡುವುದರಿಂದ ಹತ್ತು ಪದ ಕಲಸಿದರೆ ಅರ್ಥವಿರುವ ಪದ ಒಂದು ಸಿಗುವುದೂ ಕಷ್ಟ. ತಿರುಗಿಸಿದರೂ ಅದೇ ಇರುವ ಪದಗಳು ಮಾತ್ರ ದಕ್ಕಿದವು. ‘ಹೇಗೆ ನೋಡಿದರೂ ಕಣ್ಣು (3)’, ನಯನ. ಜಲಜ, ಕನಕಕ್ಕೂ ಹೀಗೇ ಬರೆಯಬಹುದು. ವಾರಕ್ಕೆ ಒಂದಕ್ಕಿಂತ ಹೆಚ್ಚು ಹಾಕಿದರೆ ಗುಟ್ಟು ಬಯಲು.

ಹಣದ ಮಾತು: ಒಂದಕ್ಕೆ ₹200 ಸಿಗುತ್ತೆ. ಸಾದಾ ಪದಬಂಧಕ್ಕೆ ಎರಡು ತಾಸು, ಥೀಮಿನದಕ್ಕೆ ಆರೇಳು. ಎಂಟು ಜನರಿಗೆ ಮಂಡಕ್ಕಿ, ಮೆಣಸಿನಕಾಯಿ, ಚಹಾ ಸೇರಿ ₹300 ದಾಟುತ್ತಿತ್ತು, ಅಂದರೆ ಕೈಯಿಂದ ನೂರು. ಈಗ ಮೂವರೇ: ದಿನಾ ಬಿಡಿಸುವವರೊಬ್ಬರು, ಅಪರೂಪಕ್ಕೆ ಬಿಡಿಸುವವರೊಬ್ಬರು, ಈ ಸೀಮೆ ಗೊತ್ತಿಲ್ಲದವರೊಬ್ಬರು. ಮೂರನೆಯವರು ಹಿರಿಯೂರಿಗೆ ಬರೆದ ‘ವಾಣಿವಿಲಾಸ ಸಾಗರದ ನೆರೆಯೂರು’ ಸುಳಿವಿನಲ್ಲಿ ಸಿಕ್ಕಿಬಿದ್ದರೂ ‘ಮಯೂರ’ದಿಂದ ಹೊರಗೆ ಬಂದರೆ ಅದು ಪಾಸು.

ಅಚ್ಚಿಗೆ ಹೋಗುವ ಮುನ್ನ ಪುಟವನ್ನು ಕಾಗದದ ಮೇಲೇ ನೋಡಿ. ನುಡಿ ತಂತ್ರಾಂಶದ ಅಕ್ಷರದಿಂದ ಯುನಿಕೋಡ್‌ಗೆ ಬದಲಿಸುವಾಗ ಅರ್ಕಾವತ್ತು ಕಳಚಿ ‘ರ್ಗ’ ಎರಡು ಮನೆಗೆ ಒಡೆದದ್ದಿದೆ. ಆ ದಿನದ ₹200 ಬರಲಿಲ್ಲ.