ಮೊದಲ ನೀರು ಚೆಲ್ಲಿ, ಆಮೇಲೆ ಸೂಪಿಗಿಡಿ

ಬೆಂಗಳೂರಿನ ಗಾಡಿಗಳಲ್ಲಿ ಸಿಗುವ ಮಂಚೌ ಸೂಪನ್ನು ಹಾಂಗ್‌ಕಾಂಗಿನ ಅಜ್ಜಿಯೊಬ್ಬರ ಮುಂದಿಟ್ಟರೆ ಇದು ಯಾವ ಊರಿನ ಗೊಜ್ಜು ಎಂದು ಕೇಳಿಯಾರು. ಕಾರ್ನ್‌ಫ್ಲೋರ್ ಕದಡಿ ದಪ್ಪ ಮಾಡಿದ, ಸೋಯಾ ಸಾಸ್ ಸುರಿದು ಕಪ್ಪಾಗಿಸಿದ ಆ ಸೂಪು ಹುಟ್ಟಿದ್ದು ನಮ್ಮ ದೇಶದಲ್ಲೇ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಸಿಂಗಪುರದ ಕ್ಯಾಂಟನೀಸ್ ಮನೆಗಳಲ್ಲಿ ಮಕ್ಕಳು ಕುಡಿದು ಬೆಳೆಯುವ ಸೂಪು ತಿಳಿಸಾರಿನಷ್ಟು ತೆಳ್ಳಗಿರುತ್ತದೆ. ಎರಡು ಮೂರು ಗಂಟೆ ಸಣ್ಣ ಉರಿಯಲ್ಲಿ ಕುದಿದು, ಖಾರ ಮಸಾಲೆಯ ಸುದ್ದಿಯೇ ಇಲ್ಲದೆ, ಕೊನೆಗೆ ಬಿದ್ದ ಚಿಟಿಕೆ ಉಪ್ಪಿನೊಂದಿಗೆ ಬಟ್ಟಲಿಗೆ ಬರುತ್ತದೆ.

ಸಿಂಗಪುರದಲ್ಲಿ ನೆಲೆಸಿರುವ ನಮ್ಮ ಕನ್ನಡದ ಎಳೆಯ ದಂಪತಿಗಳು ಮಗು ಹುಟ್ಟಿದ ಮೇಲೆ ಇದನ್ನು ಮಾಡಲು ಹೊರಡುವುದನ್ನು ನಾನು ಬಹಳ ನೋಡಿದ್ದೇನೆ. ಸೂಪರ್ ಮಾರ್ಕೆಟ್ಟಿನಿಂದ ಗಿಡಮೂಲಿಕೆಯ ಪೊಟ್ಟಣ ತರುತ್ತಾರೆ, ಎಲುಬು, ತರಕಾರಿ, ಬೇರುಗಳನ್ನೆಲ್ಲ ಒಂದೇ ಪಾತ್ರೆಗೆ ಸುರಿದು ಒಲೆ ಹಚ್ಚುತ್ತಾರೆ. ಒಂದು ಗಂಟೆಯ ನಂತರ ಬೂದು ಬಣ್ಣದ, ಹಸಿ ವಾಸನೆಯ ನೀರು ಸಿದ್ಧ. ಮಗು ಮುಖ ತಿರುಗಿಸುತ್ತದೆ, ಬೈಗುಳ ಮೂಲಿಕೆ ಅಂಗಡಿಯವನಿಗೆ. ಮೂಲಿಕೆಯದು ಅದರಲ್ಲಿ ಏನೂ ತಪ್ಪಿಲ್ಲ. ಸೂಪು ಕೆಡುವುದು ಮೊದಲ ಅರ್ಧ ಗಂಟೆಯಲ್ಲಿ, ಎಲುಬು ತೊಳೆಯುವಲ್ಲಿ.

ಕಲಿಯಲು ತಾವರೆ ಗೆಡ್ಡೆಯ ಸೂಪು ಒಳ್ಳೆಯದು.

ಬೇಕಾದದ್ದು

ನಾಲ್ವರಿಗೆ 600 ಗ್ರಾಂ ಹಂದಿಯ ಪಕ್ಕೆಲುಬು. ಹಂದಿ ತಿನ್ನದವರಿಗೆ ಅಷ್ಟೇ ತೂಕದ ಕೋಳಿಯ ಕಾಲು ಮತ್ತು ಬೆನ್ನಿನ ಮೂಳೆ. 400 ಗ್ರಾಂ ತಾವರೆ ಗೆಡ್ಡೆ, ರಾತ್ರಿ ನೆನೆಸಿದ ಒಂದು ಹಿಡಿ ಶೇಂಗಾ, ಬೀಜ ತೆಗೆದ ಐದು ಕೆಂಪು ಜುಜುಬೆ, ಬೆರಳಗಲದ ಒಣ ಕಿತ್ತಳೆ ಸಿಪ್ಪೆ, ಒಂದು ಚಮಚ ಗೋಜಿ ಎಂಬ ಒಣಗಿದ ಸಣ್ಣ ಕೆಂಪು ಹಣ್ಣು, ಶುಂಠಿ, ಎರಡೂವರೆ ಲೀಟರ್ ನೀರು. ಜುಜುಬೆಯನ್ನು ಅಂಗಡಿಯಲ್ಲಿ ರೆಡ್ ಡೇಟ್ ಎಂದು ಮಾರುತ್ತಾರೆ. ಅದು ಖರ್ಜೂರವಲ್ಲ, ನಮ್ಮ ಎಲಚಿಯ ಹತ್ತಿರದ ನೆಂಟ.

ತಾವರೆ ಗೆಡ್ಡೆ ಕೊಳ್ಳುವಾಗ ಎರಡೂ ತುದಿ ಮುಚ್ಚಿರುವುದನ್ನೇ ಆರಿಸಿ. ತುದಿ ಕತ್ತರಿಸಿ ಇಟ್ಟಿದ್ದರೆ ಒಳಗಿನ ತೂತುಗಳಿಗೆ ಕೆಸರು ಸೇರಿರುತ್ತದೆ, ಅದನ್ನು ತೊಳೆದು ಮುಗಿಸಲಾರಿರಿ. ಗಿಡ್ಡನೆಯ, ಹೊಟ್ಟೆ ಉಬ್ಬಿದ ಗೆಡ್ಡೆ ಬೆಂದು ಹಿಟ್ಟಾಗುತ್ತದೆ, ಸೂಪಿಗೆ ಅದೇ ಬೇಕು. ಉದ್ದನೆಯ, ತೆಳ್ಳನೆಯದು ಪಲ್ಯಕ್ಕೆ.

ಎಲುಬು

ಎಲುಬನ್ನು ತಣ್ಣೀರಿನಲ್ಲಿ ಹಾಕಿ ಒಲೆಗಿಡಬೇಕು. ಕುದಿಯುವ ನೀರಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಬಿಸಿನೀರಿಗೆ ಬಿದ್ದ ಕೂಡಲೇ ಮಾಂಸದ ಹೊರಪದರ ಬಿಗಿದುಕೊಳ್ಳುತ್ತದೆ, ಒಳಗಿನ ರಕ್ತ ಅಲ್ಲೇ ಉಳಿದು ಆಮೇಲೆ ನಿಧಾನವಾಗಿ ಸೂಪಿಗೆ ಇಳಿಯುತ್ತದೆ. ತಣ್ಣೀರಿನಿಂದ ಶುರುಮಾಡಿದರೆ ಅದು ಮೊದಲೇ ನೀರಿಗೆ ಬಿಟ್ಟುಕೊಂಡು, ಕಾವೇರಿದಂತೆ ಹೆಪ್ಪುಗಟ್ಟಿ ಮೇಲೆ ಬರುತ್ತದೆ.

ಎಲುಬು ಮುಳುಗುವಷ್ಟು ನೀರು, ಎರಡು ಬಿಲ್ಲೆ ಶುಂಠಿ, ನಡು ಉರಿ. ಮುಚ್ಚಳ ಬೇಡ. ಮೊದಲು ನೀರು ತಿಳಿಗೆಂಪಾಗುತ್ತದೆ. ಅಂಚಿನಲ್ಲಿ ಸಣ್ಣ ಗುಳ್ಳೆ ಕಾಣಿಸುವ ಹೊತ್ತಿಗೆ ಬಿಳಿ ನೊರೆ ಏಳುತ್ತದೆ. ಅದನ್ನು ನೋಡಿ ಸಾಕೆಂದು ಒಲೆ ಆರಿಸಬೇಡಿ. ಬಿಳಿ ನೊರೆ ಬರೀ ಮುನ್ನುಡಿ. ಚೆನ್ನಾಗಿ ಕುದಿ ಬಂದ ಮೇಲೆ ಬೂದು, ಕಂದು ಬಣ್ಣದ ದಪ್ಪ ನೊರೆ ಗಂಟುಗಂಟಾಗಿ ಮೇಲೇಳುತ್ತದೆ. ಅದು ಬಂದು ಐದು ನಿಮಿಷ ಕುದಿಯಲಿ. ಸೌಟಿನಿಂದ ನೊರೆ ತೆಗೆದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಆ ನೀರಷ್ಟನ್ನೂ ಚೆಲ್ಲಿ. ಪೋಷಕಾಂಶ ಹೋಗುತ್ತದೆ ಎಂದು ಮರುಗುವುದು ಬೇಡ, ಐದು ನಿಮಿಷದಲ್ಲಿ ಹೋಗುವಂಥದ್ದು ಅದರಲ್ಲಿ ಹೆಚ್ಚೇನಿಲ್ಲ.

ಈಗ ಒಂದೊಂದೇ ತುಂಡನ್ನು ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಕು. ಕೊಚ್ಚಿದ ಮೂಳೆಯ ಬಾಯಲ್ಲಿ, ಕೋಳಿಯ ಬೆನ್ನೆಲುಬಿನ ಒಳಪಕ್ಕದ ಸಂದಿಯಲ್ಲಿ ಕಂದು ಬಣ್ಣದ ಹೆಪ್ಪು ಅಂಟಿಕೊಂಡಿರುತ್ತದೆ. ಹೆಬ್ಬೆರಳಿನಿಂದ ಒತ್ತಿ ತೆಗೆಯಿರಿ. ಸಿಡಿದ ಮೂಳೆಚೂರುಗಳೂ ಆಗಲೇ ಸಿಗುತ್ತವೆ. ಮಗುವಿನ ಬಟ್ಟಲಲ್ಲಿ ಸಿಗುವುದಕ್ಕಿಂತ ಇಲ್ಲಿ ಸಿಕ್ಕರೆ ಲೇಸು. ಪಾತ್ರೆಯನ್ನೂ ತೊಳೆಯಿರಿ. ಒಳಗೋಡೆಗೆ ನೊರೆಯ ಉಂಗುರ ಮೆತ್ತಿರುತ್ತದೆ, ಅದೇ ಪಾತ್ರೆಗೆ ಹೊಸ ನೀರು ಸುರಿದರೆ ಚೆಲ್ಲಿದ್ದು ತಿರುಗಿ ಬಂತು ಎಂದೇ ಲೆಕ್ಕ.

ಕುದಿಸುವುದು

ಎರಡೂವರೆ ಲೀಟರ್ ನೀರನ್ನು ಇನ್ನೊಂದು ಒಲೆಯಲ್ಲಿ ಕಾಯಿಸಿಟ್ಟಿರಿ. ತೊಳೆದ ಎಲುಬು, ದಪ್ಪ ಬಿಲ್ಲೆಗಳಾಗಿ ಹೆಚ್ಚಿದ ತಾವರೆ ಗೆಡ್ಡೆ, ಶೇಂಗಾ, ಜುಜುಬೆ, ಕಿತ್ತಳೆ ಸಿಪ್ಪೆ ಅದಕ್ಕೆ ಹೋಗಲಿ. ಸಿಪ್ಪೆಯನ್ನು ನೆನೆಸಿ ಒಳಗಿನ ಬಿಳಿ ಭಾಗವನ್ನು ಚಾಕುವಿನಿಂದ ಹೆರೆದಿರಬೇಕು, ಇಲ್ಲದಿದ್ದರೆ ಕಹಿ. ಮೊದಲ ಹತ್ತು ನಿಮಿಷ ಜೋರು ಉರಿ, ಆಮೇಲೆ ಒಲೆ ಎಷ್ಟು ಸಣ್ಣದಾಗುತ್ತದೆಯೋ ಅಷ್ಟು ಸಣ್ಣದು. ಪಾತ್ರೆಯ ಒಂದು ಮೂಲೆಯಲ್ಲಿ ಮಾತ್ರ ಗುಳ್ಳೆ ಏಳುತ್ತಿರಬೇಕು. ಕೊತಕೊತ ಕುದಿದರೆ ಕೊಬ್ಬು ಒಡೆದು ನೀರಿನೊಳಗೆ ಬೆರೆತು ಸೂಪು ಮಬ್ಬಾಗುತ್ತದೆ. ಮೀನಿನ ಸೂಪಿಗೆ ಮಾತ್ರ ಈ ನಿಯಮ ತಿರುಗುಮುರುಗು. ಅಲ್ಲಿ ಮೀನನ್ನು ಶುಂಠಿಯೊಂದಿಗೆ ಹುರಿದು, ಕುದಿನೀರು ಸುರಿದು, ಜೋರು ಉರಿಯಲ್ಲೇ ಹಾಲಿನ ಬಣ್ಣ ಬರಿಸುತ್ತಾರೆ.

ಹಂದಿಗೆ ಎರಡು ಗಂಟೆ, ಕೋಳಿಗೆ ಒಂದೂವರೆ. ನಡುವೆ ಕಲಕಬೇಡಿ, ತಣ್ಣೀರು ಸೇರಿಸಲೇಬೇಡಿ. ನೀರು ಕಡಿಮೆಯಾದರೆ ಕುದಿನೀರು ಹಾಕಿ. ಗೋಜಿ ಹಣ್ಣು ಕೊನೆಯ ಹತ್ತು ನಿಮಿಷಕ್ಕೆ, ಉಪ್ಪು ಒಲೆ ಆರಿಸಿದ ಮೇಲೆ. ಒಂದು ವರ್ಷ ತುಂಬದ ಮಗುವಿದ್ದರೆ ಅದರ ಪಾಲನ್ನು ಉಪ್ಪು ಹಾಕುವ ಮೊದಲೇ ತೆಗೆದಿಡಿ.

ಮೂರು ಗಂಟೆ ಕುದಿಸಿ, ಆವಿಯಲ್ಲಿಟ್ಟರೆ ನಾಲ್ಕು ಎಂದು ಕ್ಯಾಂಟನೀಸರಲ್ಲಿ ಹಳೆಯ ಮಾತಿದೆ. ಕಚೇರಿಗೆ ಹೋಗುವವರಿಗೆ ಅದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ಬಹಳ ಹೊತ್ತು ಕುದಿಸಿದ ಮಾಂಸದ ಸೂಪಿನಲ್ಲಿ ಪ್ಯೂರಿನ್ ಹೆಚ್ಚುತ್ತದೆ, ಮೈಯಲ್ಲಿ ಅದು ಯೂರಿಕ್ ಆಮ್ಲವಾಗುತ್ತದೆ, ಯೂರಿಕ್ ಆಮ್ಲದ ತೊಂದರೆ ಇರುವ ಅಜ್ಜ ಮನೆಯಲ್ಲಿದ್ದರೆ ಅವರಿಗೆ ಅದು ಒಳ್ಳೆಯದಲ್ಲ.

ಕುಕ್ಕರಿನಲ್ಲಿ ಆಗುತ್ತದೆಯೇ? ಆಗುತ್ತದೆ, ಕೂಗಿಸದಿದ್ದರೆ. ಪ್ರತಿ ಕೂಗಿಗೂ ಒತ್ತಡ ಒಮ್ಮೆಲೇ ಇಳಿದು ಒಳಗಿನ ನೀರು ಉಕ್ಕುತ್ತದೆ, ಸೂಪು ಕದಡುತ್ತದೆ. ಮೊದಲ ಕೂಗಿಗೆ ಉರಿ ಪೂರ್ತಿ ತಗ್ಗಿಸಿ, ಮತ್ತೆ ಕೂಗದಂತೆ ನಲವತ್ತು ನಿಮಿಷ ಇಡಿ. ವೆಯ್ಟ್ ಎತ್ತಿ ಆವಿ ಬಿಡಬೇಡಿ, ತಾನಾಗಿಯೇ ಇಳಿಯಲಿ. ಆದರೆ ಎಲುಬು ತೊಳೆಯುವ ಕೆಲಸಕ್ಕೆ ಕುಕ್ಕರಿನಲ್ಲೂ ರಜೆಯಿಲ್ಲ. ಸೂಪಿನ ಕ್ಯೂಬುಗಳನ್ನಂತೂ ಮಕ್ಕಳ ಅಡುಗೆಗೆ ತರಲೇಬೇಡಿ. ಅದರಲ್ಲಿ ಮೊದಲ ಸಾಮಾನೇ ಉಪ್ಪು.

ಬಟ್ಟಲಿಗೆ ಬರೀ ನೀರನ್ನು ಬಗ್ಗಿಸಿ ಮಾಂಸವನ್ನು ಸತ್ತ್ವ ಹೋದದ್ದು ಎಂದು ಎಸೆಯುವವರಿದ್ದಾರೆ. ಪ್ರೋಟೀನಿನ ಬಹುಪಾಲು ಮಾಂಸದಲ್ಲೇ ಉಳಿದಿರುತ್ತದೆ. ಎಲುಬಿನ ಸುಣ್ಣದಂಶವೆಲ್ಲ ಸೂಪಿಗೆ ಇಳಿಯುತ್ತದೆ ಎಂಬುದೂ ಸುಳ್ಳು, ಇಳಿಯುವುದು ಅತ್ಯಲ್ಪ. ಮಾಂಸವನ್ನು ಎಳೆಎಳೆಯಾಗಿ ಬಿಡಿಸಿ, ಗೆಡ್ಡೆಯನ್ನು ಕಿವುಚಿ ಅನ್ನದೊಂದಿಗೆ ಕೊಡಿ. ಇಡೀ ಶೇಂಗಾ ಚಿಕ್ಕ ಮಕ್ಕಳ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ, ಅದನ್ನೂ ನುರಿದೇ ಕೊಡಬೇಕು.

ಸಸ್ಯಾಹಾರಿಗಳಿಗೆ ಈ ಗೋಜಲೇ ಇಲ್ಲ. ನೆನೆಸಿದ ಒಣ ಶಿಟಾಕೆ ಅಣಬೆ, ಮುಸುಕಿನ ಜೋಳದ ತುಂಡು, ಕ್ಯಾರೆಟ್, ಒಂದು ಹಿಡಿ ಗೋಡಂಬಿ, ಮುಕ್ಕಾಲು ಗಂಟೆ. ಅಣಬೆ ನೆನೆಸಿದ ನೀರನ್ನು ಸೋಸಿ ಅದಕ್ಕೇ ಸೇರಿಸಿ.

ಮೂಲಿಕೆ ಕೊಳ್ಳುವಾಗ

ಸೂಪಿಗೆ ಮೂಲಿಕೆ ಮೂರು ನಾಲ್ಕು ಸಾಕು. ಹತ್ತು ಹದಿನೈದು ಬಗೆಯ ಚೂರುಗಳನ್ನು ತುಂಬಿದ ಸಿದ್ಧ ಪೊಟ್ಟಣ ನಾನಂತೂ ಕೊಳ್ಳುವುದಿಲ್ಲ. ಯಾವುದು ಯಾಕಿದೆ ಎಂದು ಗೊತ್ತಾಗುವುದಿಲ್ಲ, ಹಳೆಯದನ್ನು ತಳ್ಳಿಬಿಡಲೂ ಅದೇ ದಾರಿ. ಬಿಡಿಯಾಗಿ ಕೊಂಡು ಮೂಸಿ ನೋಡಿ. ಕಣ್ಣು ಕುಕ್ಕುವ ಕೆಂಪಿನ ಗೋಜಿ, ಸುಣ್ಣ ಬಳಿದಂತೆ ಬೆಳ್ಳಗಿರುವ ಹಿಮ ಅಣಬೆ (ಸ್ನೋ ಫಂಗಸ್), ಮೂಗಿಗೆ ಚುರುಕೆನ್ನುವ ಹುಳಿ ವಾಸನೆ ಕಂಡರೆ ಗಂಧಕದ ಹೊಗೆ ತಾಗಿರುವ ಸಾಧ್ಯತೆ ಹೆಚ್ಚು. ಒಳ್ಳೆಯ ಹಿಮ ಅಣಬೆ ತುಸು ಹಳದಿಯಾಗಿಯೇ ಇರುತ್ತದೆ.

ಉಷ್ಣ, ತಂಪು ಎಂಬ ಲೆಕ್ಕಾಚಾರ ಚೀನೀಯರಿಗೂ ಇದೆ, ನಮಗೂ ಇದೆ. ಆದ್ದರಿಂದಲೇ ನಮ್ಮವರು ಬೇಗ ನಂಬಿಬಿಡುತ್ತಾರೆ. ಆದರೆ ಮಗುವಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ (ಕೆಲವು ಪದಾರ್ಥಗಳಿಂದ ಕೆಂಪು ರಕ್ತಕಣ ಒಡೆಯುವ ಹುಟ್ಟುದೋಷ) ಇದ್ದರೆ ಹನಿಸಕಲ್ ಹೂವು, ಕಾಪ್ಟಿಸ್ ಬೇರು ಇರುವ ಯಾವ ಕಷಾಯವನ್ನೂ ಕೊಡಬಾರದು. ಸಿಂಗಪುರ, ಹಾಂಗ್‌ಕಾಂಗ್‌ಗಳಲ್ಲಿ ನವಜಾತ ಶಿಶುಗಳಿಗೆ ಈ ಪರೀಕ್ಷೆ ಮಾಡುತ್ತಾರೆ, ಆ ಚೀಟಿ ತೆಗೆದು ನೋಡಿ. ರಕ್ತ ತೆಳುವಾಗಲು ವಾರ್ಫರಿನ್ ತೆಗೆದುಕೊಳ್ಳುವ ಹಿರಿಯರು ಗೋಜಿ ಬಿಡಬೇಕು. ಕಹಿ ಏಪ್ರಿಕಾಟ್ ಬೀಜದಿಂದ ಸಯನೈಡ್ ಹುಟ್ಟುತ್ತದೆ, ಮಕ್ಕಳ ಸೂಪಿಗೆ ಅದು ಬೇಡವೇ ಬೇಡ. ಗರ್ಭಿಣಿಯರು ಏನನ್ನೇ ಹಾಕುವ ಮೊದಲು ವೈದ್ಯರನ್ನು ಕೇಳಲಿ.

ಪಾನೀಯ

ಗ್ವಾಂಗ್‌ಡಾಂಗ್, ಹಾಂಗ್‌ಕಾಂಗ್, ಮಕಾವುಗಳ ಮೂಲಿಕೆ ಚಹಾವನ್ನು ಚೀನಾ 2006ರಲ್ಲಿ ತನ್ನ ರಾಷ್ಟ್ರೀಯ ಪರಂಪರೆಯ ಪಟ್ಟಿಗೆ ಸೇರಿಸಿತು. ಅಂಗಡಿಗಳಲ್ಲಿ ಸಿಗುವ ಕರಿಯ, ಕಡುಕಹಿ ಬಗೆ ದೊಡ್ಡವರದು. ಮಕ್ಕಳಿರುವ ಮನೆಗೆ ಹೊಂದುವುದು ಕಬ್ಬಿನ ನೀರು: ಒಂದೆರಡು ಗೇಣು ಕಬ್ಬನ್ನು ಸೀಳಿ, ಒಂದು ಕ್ಯಾರೆಟ್, ಸಿಕ್ಕರೆ ದರ್ಭೆಯ ಜಾತಿಯ ಹುಲ್ಲಿನ ಒಣ ಬೇರು ಒಂದು ಹಿಡಿ, ಎರಡು ಲೀಟರ್ ನೀರಿನಲ್ಲಿ ಒಂದು ಗಂಟೆ ಕುದಿಸಿ ಸೋಸಿದರೆ ಆಯಿತು. ಸಕ್ಕರೆ ಬೇಡ.

ಸೇವಂತಿಗೆ ಚಹಾವನ್ನು ಕುದಿಸಿದರೆ ಕಹಿ. ಹೂವಿನ ಮೇಲೆ ಬಿಸಿನೀರು ಸುರಿದು ಐದು ನಿಮಿಷಕ್ಕೆ ಸೋಸಿ, ಕಲ್ಲುಸಕ್ಕರೆ ಹಾಕಿ. ಜೇನು ಹಾಕುವುದಾದರೆ ವರ್ಷ ತುಂಬದ ಮಗುವಿಗೆ ಅದರ ಹನಿಯೂ ತಾಗಬಾರದು.

ಉಳಿದ ಸೂಪನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ಬೆಳಿಗ್ಗೆ ಮೇಲೆ ಕಟ್ಟಿದ ಕೊಬ್ಬಿನ ಕೆನೆಯನ್ನು ಚಮಚದಿಂದ ಎತ್ತಿ, ಉಪ್ಪು ಹಾಕದ ಭಾಗವನ್ನು ಐಸ್ ತಟ್ಟೆಯಲ್ಲಿ ಗಟ್ಟಿಮಾಡಿಟ್ಟರೆ ವಾರದ ಗಂಜಿಗೆ ಎರಡೆರಡು ತುಂಡು ಹಾಕಬಹುದು. ಕಬ್ಬಿನ ನೀರು ಎರಡು ದಿನದೊಳಗೆ ಮುಗಿಯಬೇಕು. ಮೂರನೆಯ ದಿನ ಉಳಿದದ್ದನ್ನು ಬಾಲ್ಕನಿಯ ಗಿಡಕ್ಕೆ ಸುರಿಯಬೇಡಿ, ಇರುವೆ ಸಾಲುಗಟ್ಟುತ್ತದೆ.