ಪೋಸ್ಟ್‌ಗ್ರೆಸ್ ಕನೆಕ್ಟ್ ಆಗುತ್ತಿಲ್ವಾ? ಮೊದಲು ಎರರ್ ಓದಿ

ಹೊಸ ಸರ್ವರ್‌ಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಸಾಫ್ಟ್‌ವೇರ್ ಹಾಕಿದ್ದೀರಿ. ಆ್ಯಪ್ ಕನೆಕ್ಟ್ ಆಗುತ್ತಿಲ್ಲ. ಹುಡುಕಿದರೆ ಯಾರೋ ಒಂದು ಸಾಲು ಕೊಟ್ಟಿರುತ್ತಾರೆ: ‘ಹೋಸ್ಟ್ ಆಲ್ ಆಲ್ 0.0.0.0/0 ಟ್ರಸ್ಟ್’. ಅದನ್ನು ಪೋಸ್ಟ್‌ಗ್ರೆಸ್‌ನ ‘ಪಿಜಿ ಎಚ್‌ಬಿಎ’ ಫೈಲಿಗೆ ಸೇರಿಸಿದರೆ ಎಷ್ಟೋ ಸಲ ಎರರ್ ಹೋಗಿಬಿಡುತ್ತದೆ. ಆದರೆ ಆ ಸಾಲು ಹೇಳುವುದೇನು ಗೊತ್ತಾ? ಎಲ್ಲಿಂದ ಬಂದರೂ, ಯಾವ ಹೆಸರು ಹೇಳಿದರೂ, ಪಾಸ್‌ವರ್ಡ್ ಕೇಳದೆ ಒಳಗೆ ಬಿಡು ಅಂತ. 2017ರ ಜನವರಿಯಲ್ಲಿ ಹೀಗೆ ಪಾಸ್‌ವರ್ಡ್ ಇಲ್ಲದೆ ನೆಟ್‌ಗೆ ತೆರೆದುಕೊಂಡಿದ್ದ ಸಾವಿರಾರು ಮೊಂಗೊಡಿಬಿ ಡೇಟಾಬೇಸ್‌ಗಳನ್ನು ಕಳ್ಳರು ಅಳಿಸಿಹಾಕಿ, ಬಿಟ್‌ಕಾಯಿನ್ ಕೊಡಿ ಎಂದು ಸಂದೇಶ ಬಿಟ್ಟು ಹೋಗಿದ್ದರು.

ಆ ಸಾಲಿನ ಅಗತ್ಯವೇ ಇಲ್ಲ. ನಿಮ್ಮ ರಿಕ್ವೆಸ್ಟ್ ಎಲ್ಲಿಯವರೆಗೆ ಹೋಗಿ ನಿಂತಿತು ಎಂಬುದನ್ನು ಎರರ್ ಸಂದೇಶವೇ ಹೇಳುತ್ತದೆ.

‘ಟೈಮ್ಡ್ ಔಟ್’ ಎಂದು ಬಂದರೆ ಸಾಮಾನ್ಯವಾಗಿ ನಡುವೆ ಫೈರ್‌ವಾಲ್ ತಡೆದಿದೆ. ಪೋಸ್ಟ್‌ಗ್ರೆಸ್ ಬಳಸುವ 5432 ಪೋರ್ಟನ್ನು ನಿಮ್ಮ ಆ್ಯಪ್ ಸರ್ವರ್‌ನ ಐಪಿಗೆ ಮಾತ್ರ ತೆರೆಯಿರಿ. ‘ಕನೆಕ್ಷನ್ ರೆಫ್ಯೂಸ್ಡ್’ ಎಂದರೆ ಆ ವಿಳಾಸದಲ್ಲಿ ಕಿವಿಗೊಟ್ಟು ಕೂತವರು ಇಲ್ಲ. ಪೋಸ್ಟ್‌ಗ್ರೆಸ್ ಓಡುತ್ತಿದೆಯಾ ನೋಡಿ. ಓಡುತ್ತಿದ್ದರೆ ‘ಲಿಸನ್ ಅಡ್ರೆಸಸ್’ ಸೆಟ್ಟಿಂಗ್ ನೋಡಿ. ಅದು ಮೊದಲಿಂದ ಇರುವುದು ‘ಲೋಕಲ್‌ಹೋಸ್ಟ್’ ಎಂದೇ, ಹಾಗಾಗಿ ಹೊರಗಿನಿಂದ ಬರುವ ಕರೆ ಅದಕ್ಕೆ ಕೇಳಿಸುವುದಿಲ್ಲ. ಸರ್ವರ್‌ನ ಒಳಗಿನ ನೆಟ್‌ವರ್ಕ್ ಐಪಿಯನ್ನು ಸೇರಿಸಿ, ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಮಾಡಿ. ಇದಕ್ಕೆ ಬರೀ ರೀಲೋಡ್ ಸಾಲದು.

ಹೆಚ್ಚಿನವರು ಸಿಕ್ಕಿಹಾಕಿಕೊಳ್ಳುವುದು ಮೂರನೆಯ ಜಾಗದಲ್ಲಿ: ‘ನೋ ಪಿಜಿ ಎಚ್‌ಬಿಎ ಎಂಟ್ರಿ’. ಪಿಜಿ ಎಚ್‌ಬಿಎ ಫೈಲ್ ಎಂದರೆ ಅಪಾರ್ಟ್‌ಮೆಂಟ್ ಗೇಟಿನ ವಾಚ್‌ಮನ್ ಕೈಲಿರುವ ಪಟ್ಟಿ ಇದ್ದ ಹಾಗೆ. ಪೋಸ್ಟ್‌ಗ್ರೆಸ್ ಅದನ್ನು ಮೇಲಿನಿಂದ ಕೆಳಗೆ ಓದುತ್ತದೆ. ಹೊಂದುವ ಮೊದಲ ಸಾಲು ಸಿಕ್ಕ ಕೂಡಲೇ ನಿಲ್ಲುತ್ತದೆ. ಆ ಸಾಲಿನಲ್ಲಿ ಪಾಸ್‌ವರ್ಡ್ ತಪ್ಪಾದರೆ ಮುಂದಿನ ಸಾಲನ್ನು ನೋಡುವುದೇ ಇಲ್ಲ. ನೀವು ಎಷ್ಟೇ ಸರಿಯಾದ ಸಾಲು ಬರೆದರೂ, ಅದರ ಮೇಲೆ ಬೇರೊಂದು ಅಗಲವಾದ ಸಾಲು ಇದ್ದರೆ ಪ್ರಯೋಜನವಿಲ್ಲ.

ಬರೆಯಬೇಕಾದ ಸಾಲಿನಲ್ಲಿ ಐದು ಭಾಗ. ಮೊದಲು ‘ಹೋಸ್ಟ್‌ಎಸ್‌ಎಸ್‌ಎಲ್’, ಬರೀ ‘ಹೋಸ್ಟ್’ ಬರೆದರೆ ಎನ್‌ಕ್ರಿಪ್ಟ್ ಆಗದ ಕನೆಕ್ಷನ್ ಕೂಡ ಒಳಗೆ ಬರುತ್ತದೆ. ಸರ್ವರ್‌ನಲ್ಲಿ ಎಸ್‌ಎಸ್‌ಎಲ್ (ಕನೆಕ್ಷನ್ ಎನ್‌ಕ್ರಿಪ್ಟ್ ಮಾಡುವ ವ್ಯವಸ್ಥೆ) ಆನ್ ಆಗಿರಬೇಕು, ಮರೆಯಬೇಡಿ. ಆಮೇಲೆ ಡೇಟಾಬೇಸ್ ಹೆಸರು, ಯೂಸರ್ ಹೆಸರು, 10.0.0.5/32 ಥರ ಒಂದೇ ಐಪಿ. ಕೊನೆಗೆ ಪಾಸ್‌ವರ್ಡ್ ಪರೀಕ್ಷಿಸುವ ವಿಧಾನ, ‘ಸ್ಕ್ರ್ಯಾಮ್-ಶಾ-256’. ‘ಆಲ್’ ಎಂಬ ಪದ ಎಲ್ಲೂ ಬೇಡ. ಸೇವ್ ಮಾಡಿ ರೀಲೋಡ್ ಮಾಡಿ, ಇಲ್ಲಿ ರೀಸ್ಟಾರ್ಟ್ ಬೇಕಿಲ್ಲ. ಸಾಲಿನಲ್ಲಿ ಏನಾದರೂ ತಪ್ಪಿದ್ದರೆ ‘ಪಿಜಿ ಎಚ್‌ಬಿಎ ಫೈಲ್ ರೂಲ್ಸ್’ ಎಂಬ ವ್ಯೂ ತೋರಿಸುತ್ತದೆ.

ಇನ್ನು ‘ಪಾಸ್‌ವರ್ಡ್ ಅಥೆಂಟಿಕೇಷನ್ ಫೇಲ್ಡ್’. ಯೂಸರ್ ಇಲ್ಲದಿದ್ದರೂ ಇದೇ ಬರುತ್ತದೆ. ಯಾವ ಹೆಸರು ಇದೆ, ಯಾವುದು ಇಲ್ಲ ಎಂದು ಹೊರಗಿನವರಿಗೆ ಗೊತ್ತಾಗಬಾರದು ಎಂದೇ ಹೀಗೆ ಮಾಡಿದ್ದಾರೆ. ನಿಜವಾದ ಕಾರಣ ಸರ್ವರ್‌ನ ಲಾಗ್‌ನಲ್ಲಿ ಇರುತ್ತದೆ, ಅಲ್ಲಿ ನೋಡಿ. ಹಳೆಯ ಡೇಟಾಬೇಸ್ ಆದರೆ ಇನ್ನೊಂದು ತೊಡಕು ಇದೆ. ಪಾಸ್‌ವರ್ಡನ್ನು ಹಿಂದೆ ಎಂಡಿ5 ಎಂಬ ಹಳೆಯ ವಿಧಾನದಲ್ಲಿ ಉಳಿಸಿದ್ದರೆ, ಫೈಲಿನಲ್ಲಿ ಸ್ಕ್ರ್ಯಾಮ್ ಎಂದು ಬದಲಿಸಿದ ಕೂಡಲೇ ಸರಿಯಾದ ಪಾಸ್‌ವರ್ಡ್ ಕೂಡ ನಡೆಯುವುದಿಲ್ಲ. ಪಾಸ್‌ವರ್ಡ್ ಎನ್‌ಕ್ರಿಪ್ಷನ್ ಸೆಟ್ಟಿಂಗನ್ನು ಸ್ಕ್ರ್ಯಾಮ್‌ಗೆ ತಂದು (2021ರಲ್ಲಿ ಬಂದ 14ನೇ ಆವೃತ್ತಿಯಿಂದ ಅದೇ ಡಿಫಾಲ್ಟ್), ಪಾಸ್‌ವರ್ಡನ್ನು ಹೊಸದಾಗಿ ಹಾಕಿ. ಪೋಸ್ಟ್‌ಗ್ರೆಸ್‌ನ ಕಮಾಂಡ್ ಟೂಲ್ ಪಿಎಸ್‌ಕ್ಯೂಎಲ್‌ನ ‘\ಪಾಸ್‌ವರ್ಡ್’ ಕಮಾಂಡ್ ಬಳಸಿದರೆ ಒಳ್ಳೆಯದು, ಪಾಸ್‌ವರ್ಡ್ ಇದ್ದ ಹಾಗೇ ಲಾಗ್‌ಗೆ ಬೀಳುವುದಿಲ್ಲ.

ಎಲ್ಲಾ ಸರಿಯಾಗಿ ನಡೆಯುತ್ತಿದ್ದದ್ದು ಒಂದು ದಿನ ‘ಟೂ ಮೆನಿ ಕ್ಲೈಂಟ್ಸ್’ ಎನ್ನಬಹುದು. ಡಿಫಾಲ್ಟ್ ಮಿತಿ 100 ಕನೆಕ್ಷನ್. ಸುಮ್ನೆ 500 ಮಾಡಿಬಿಡಬೇಡಿ. ಒಂದೊಂದು ಕನೆಕ್ಷನ್ನಿಗೂ ಪೋಸ್ಟ್‌ಗ್ರೆಸ್ ಒಂದೊಂದು ಪ್ರೋಸೆಸ್ ಹುಟ್ಟಿಸುತ್ತದೆ, ಮೆಮೊರಿ ಜಾಸ್ತಿ ತಿನ್ನುತ್ತದೆ. ಎಲ್ಲ ಅಧಿಕಾರವಿರುವ ಸೂಪರ್‌ಯೂಸರ್‌ಗೆಂದು ಮೂರು ಜಾಗ ಮೀಸಲಿರುತ್ತದೆ. ಹಾಗೆ ಒಳಗೆ ಹೋಗಿ, ಯಾವ ಕನೆಕ್ಷನ್ ಏನು ಮಾಡುತ್ತಿದೆ ಎಂದು ತೋರಿಸುವ ‘ಪಿಜಿ ಸ್ಟ್ಯಾಟ್ ಆಕ್ಟಿವಿಟಿ’ ನೋಡಿ. ‘ಐಡಲ್ ಇನ್ ಟ್ರಾನ್ಸಾಕ್ಷನ್’ ಎಂದು ಸಾಲುಗಟ್ಟಿ ಕೂತಿದ್ದರೆ, ಕೋಡ್ ಎಲ್ಲೋ ಬಿಗಿನ್ ಹೇಳಿ ಕಮಿಟ್ ಹೇಳುವುದನ್ನು ಬಿಟ್ಟಿದೆ. ಅವು ಜಾಗ ಹಿಡಿಯುವುದಷ್ಟೇ ಅಲ್ಲ, ಲಾಕ್‌ಗಳನ್ನೂ ಬಿಡುವುದಿಲ್ಲ, ಹಳೆಯ ಸಾಲುಗಳನ್ನು ಗುಡಿಸುವ ವ್ಯಾಕ್ಯೂಮ್ ಕೆಲಸಕ್ಕೂ ಅಡ್ಡ ಬರುತ್ತವೆ. ತೀರಾ ಹಳೆಯದನ್ನು ‘ಪಿಜಿ ಟರ್ಮಿನೇಟ್ ಬ್ಯಾಕೆಂಡ್’ನಿಂದ ಕಡಿದುಹಾಕಿ. ಅಂಥವಕ್ಕೆ ಟೈಮ್‌ಔಟ್ ಸೆಟ್ಟಿಂಗ್ ಕೂಡ ಇದೆ, ಹಾಕಿಡಿ. ಕನೆಕ್ಷನ್ ನಿಜವಾಗಿಯೂ ಜಾಸ್ತಿ ಬೇಕಿದ್ದರೆ ಮುಂದೆ ಪಿಜಿಬೌನ್ಸರ್ ಕೂರಿಸಿ, ಅದು ಕೆಲವೇ ಕನೆಕ್ಷನ್‌ಗಳನ್ನು ಹಲವರಿಗೆ ಹಂಚುತ್ತದೆ.

ಆ್ಯಪ್ ಯಾವತ್ತೂ ‘ಪೋಸ್ಟ್‌ಗ್ರೆಸ್’ ಎಂಬ ಸೂಪರ್‌ಯೂಸರ್ ಹೆಸರಲ್ಲಿ ಒಳಗೆ ಬರಬಾರದು. ಇದನ್ನು ನಾನು ಒತ್ತಿ ಹೇಳುತ್ತೇನೆ. ಸೂಪರ್‌ಯೂಸರ್ ಆದವರು ‘ಕಾಪಿ’ ಕಮಾಂಡ್ ಮೂಲಕ ಸರ್ವರ್‌ನಲ್ಲೇ ಪ್ರೋಗ್ರಾಂ ಓಡಿಸಬಹುದು. ವೆಬ್‌ಸೈಟಿನ ಒಂದು ಫಾರ್ಮ್‌ನಲ್ಲಿ ಎಸ್‌ಕ್ಯೂಎಲ್ ಇಂಜೆಕ್ಷನ್ (ಹೊರಗಿನವರು ಡೇಟಾಬೇಸ್ ಆದೇಶ ತುರುಕುವುದು) ಆದರೆ ಡೇಟಾ ಜತೆ ಸರ್ವರ್ ಕೂಡ ಕೈ ತಪ್ಪಬಹುದು. ಟೇಬಲ್ ಕಟ್ಟಲು ಒಂದು ರೋಲ್ (ಅಂದರೆ ಯೂಸರ್), ಆ್ಯಪ್‌ಗೆ ಇನ್ನೊಂದು ರೋಲ್ ಮಾಡಿ. ಎರಡನೆಯದಕ್ಕೆ ಸೆಲೆಕ್ಟ್, ಇನ್ಸರ್ಟ್, ಅಪ್‌ಡೇಟ್, ಡಿಲೀಟ್ ಮಾತ್ರ ಕೊಡಿ. ಹೊಸ ಟೇಬಲ್ ಮಾಡಿದಾಗಲೆಲ್ಲ ‘ಪರ್ಮಿಷನ್ ಡಿನೈಡ್’ ಬರುತ್ತದೆ ಎನ್ನುವವರು ‘ಆಲ್ಟರ್ ಡಿಫಾಲ್ಟ್ ಪ್ರಿವಿಲೇಜಸ್’ ಬಳಸಬೇಕು. ಟೇಬಲ್ ಕಟ್ಟುವ ರೋಲ್‌ನ ಹೆಸರಿಗೇ ಅದನ್ನು ಕೊಡಿ, ಬೇರೆಯವರು ಕಟ್ಟಿದ ಟೇಬಲ್‌ಗೆ ಅದು ಅನ್ವಯಿಸುವುದಿಲ್ಲ.

ಇದನ್ನೆಲ್ಲ ಮುಟ್ಟುವ ಮೊದಲು ಬ್ಯಾಕಪ್ ತೆಗೆಯಿರಿ. ‘ಪಿಜಿ ಡಂಪ್’ ಒಂದೇ ಸಾಲದು, ಅದರಲ್ಲಿ ಯೂಸರ್‌ಗಳೂ ಪಾಸ್‌ವರ್ಡ್‌ಗಳೂ ಬರುವುದಿಲ್ಲ. ಅವಕ್ಕೆ ‘ಪಿಜಿ ಡಂಪ್‌ಆಲ್’ ಅನ್ನು ‘ಗ್ಲೋಬಲ್ಸ್ ಓನ್ಲಿ’ ಆಯ್ಕೆಯೊಂದಿಗೆ ಬೇರೆಯಾಗಿ ಓಡಿಸಿ. ಎರಡೂ ಫೈಲುಗಳನ್ನು ಬೇರೆ ಮಷೀನಿಗೆ ಸಾಗಿಸಿ. ಪಿಜಿ ಎಚ್‌ಬಿಎ ಫೈಲ್ ಈ ಎರಡರಲ್ಲೂ ಇರುವುದಿಲ್ಲ, ಅದರ ನಕಲನ್ನೂ ಜತೆಗೆ ಇಡಿ.